ಮಕ್ಕಳ ಪುಸ್ತಕವೂ ನಮ್ಮ ಬೇಡಿಕೆಯೆ

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತಿನ ಕಾರ್ಯಕ್ರಮದ ಪಟ್ಟಿಯಲ್ಲಿ ‘ಮಕ್ಕಳ ಹೊಸ ಪುಸ್ತಕಗಳು’ ಎಂಬ ವಿಷಯವನ್ನು ಕಂಡು ನಮ್ಮ ಕೆಲವು ಗೆಳೆಯರು ನಕ್ಕರಂತೆ. ವಾರದ ರಜೆ ನೆಟ್ಟಗೆ ಸಿಗುವುದಿಲ್ಲ, ಪ್ರಾವಿಡೆಂಟ್ ಫಂಡಿಗೆ ಹಣ ಕಟ್ಟಿದ್ದಾರೋ ಇಲ್ಲವೋ ತಿಳಿಯದು, ಇದರ ನಡುವೆ ಗುಬ್ಬಚ್ಚಿಯ ಕತೆಯೆ ಎಂದು ಕೇಳಿದರಂತೆ. ಕೇಳಿದ್ದು ಸರಿಯೆ. ಸಂಘದ ಹಣ ಎಂದರೆ ಬೆವರಿನ ಹಣ. ಅದರಲ್ಲಿ ಒಂದು ಕಾಸು ಖರ್ಚಾಗಬೇಕಾದರೂ ಏತಕ್ಕೆ ಎಂದು ಕೇಳುವ ಹಕ್ಕು ಪ್ರತಿಯೊಬ್ಬ ಸದಸ್ಯನಿಗೂ ಉಂಟು. ಉತ್ತರ ಹೇಳುವ ಹೊಣೆ ನಮ್ಮದು.

ಎಂಟು ತಾಸಿನ ದುಡಿಮೆ ಬೇಕೆಂದು 1886ರಲ್ಲಿ ಚಿಕಾಗೋ ನಗರದ ಕೆಲಸಗಾರರು ಬೀದಿಗೆ ಇಳಿದರು. ಅವರು ಕೇಳಿದ್ದು ನಿದ್ದೆ ಮಾಡುವುದಕ್ಕೆ ಮಾತ್ರವಲ್ಲ. ದಿನದಲ್ಲಿ ಒಂದು ಪಾಲು ಹೊತ್ತು ನಮ್ಮ ಸ್ವಂತಕ್ಕೆ, ನಮ್ಮ ಹೆಂಡಿರು ಮಕ್ಕಳಿಗೆ ಉಳಿಯಬೇಕು ಎಂಬುದೇ ಆ ಬೇಡಿಕೆಯ ಜೀವಾಳ. ಈಗ ನಾವು ನಮ್ಮನ್ನೇ ಕೇಳಿಕೊಳ್ಳೋಣ. ಹೋರಾಡಿ ಗಳಿಸಿದ ಆ ಹೊತ್ತಿನಲ್ಲಿ ನಮ್ಮ ಮಗುವಿನ ಎದುರಿಗೆ ಕುಳಿತಾಗ ನಮ್ಮ ಕೈಯಲ್ಲಿ ಏನಿದೆ? ಬೇಡಿಕೆಯ ಪತ್ರದಲ್ಲಿ ಪಗಾರಕ್ಕೆ ಒಂದು ಸಾಲು ಇರುವಂತೆ ಮಗುವಿನ ಮನಸ್ಸಿಗೂ ಒಂದು ಸಾಲು ಇರಬೇಡವೆ?

ನಮ್ಮ ಕಸುಬಿಗೂ ಮಕ್ಕಳಿಗೂ ಹಳೆಯ ನಂಟು, ಅದು ಒಳ್ಳೆಯ ನಂಟಲ್ಲ. ಕುಂದಾಪುರ, ಉಡುಪಿ, ಕಾರ್ಕಳ, ಪುತ್ತೂರುಗಳ ಕಡೆಯಿಂದ ಆರನೆಯ, ಏಳನೆಯ ತರಗತಿಗೆ ಶಾಲೆ ಬಿಟ್ಟು ರೈಲೋ ಬಸ್ಸೋ ಹತ್ತಿದ ಹುಡುಗರೇ ಮುಂಬಯಿಯ ಹೊಟೇಲುಗಳ ಕಪ್ಪು ಬಸಿ ತೊಳೆದವರು, ಮೇಜು ಒರೆಸಿದವರು. ಈ ಸಭೆಯಲ್ಲಿ ಕುಳಿತವರಲ್ಲಿಯೂ ಹಾಗೆ ಬಂದವರು ಬಹಳ ಮಂದಿ. 1986ರ ಬಾಲಕಾರ್ಮಿಕ ಕಾಯದೆ ಕೆಲವು ಅಪಾಯದ ಕೆಲಸಗಳನ್ನು ಮಾತ್ರ ಪಟ್ಟಿ ಮಾಡಿ ಹದಿನಾಲ್ಕು ವರ್ಷದ ಒಳಗಿನವರನ್ನು ಅಲ್ಲಿಗೆ ಸೇರಿಸಬಾರದೆಂದಿತು. ಹೊಟೇಲು, ಢಾಬಾ, ಚಹದ ಅಂಗಡಿಗಳು ಆ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರ್ 10ರಿಂದ. ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಉಚಿತ ಶಿಕ್ಷಣ ಹಕ್ಕೆಂಬ 2009ರ ಕಾಯದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2016ರ ತಿದ್ದುಪಡಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಇಡಬಾರದೆಂದಿತು.

ಕಾಯದೆ ಮಗುವಿನ ಕೈಯಿಂದ ಮೇಜು ಒರೆಸುವ ಬಟ್ಟೆಯನ್ನು ತೆಗೆದುಹಾಕಿತು. ಬಹಳ ಒಳ್ಳೆಯದಾಯಿತು. ಆದರೆ ಖಾಲಿಯಾದ ಆ ಕೈಗೆ ಏನು ಕೊಡಬೇಕು ಎಂಬುದನ್ನು ನಾವೂ ಯೋಚಿಸಬೇಕು. ಶಾಲೆ ಪಠ್ಯಪುಸ್ತಕವನ್ನು ಕೊಡುತ್ತದೆ. ಪಠ್ಯಪುಸ್ತಕ ಊಟದಂತೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕು. ಆದರೆ ಮಗುವಿಗೆ ತಾನಾಗಿ ಕೈಚಾಚಿ ತೆಗೆದುಕೊಳ್ಳುವ ತಿಂಡಿಯೂ ಬೇಕು. ಅದೇ ಕತೆಯ ಪುಸ್ತಕ. ನಮಗೆ ಈ ತಿಂಡಿ ಸಿಗಲಿಲ್ಲ. ನಮ್ಮಲ್ಲಿ ಅನೇಕರು ಓದಿನ ರುಚಿ ಕಂಡದ್ದು ಚಕ್ಕುಲಿ ಕಟ್ಟಿ ತಂದ ಪತ್ರಿಕೆಯ ಚೂರಿನಲ್ಲಿ. ಕತೆ ಅರ್ಧಕ್ಕೆ ನಿಂತಿರುತ್ತಿತ್ತು. ಉಳಿದರ್ಧ ಇನ್ನಾರದೋ ಪೊಟ್ಟಣವಾಗಿ ಹೋಗಿರುತ್ತಿತ್ತು. ಅ ಆ ಇ ಈ ಕಲಿತವರು ನೇರವಾಗಿ ಬಿಲ್ಲು, ರೇಷನ್ ಕಾರ್ಡು, ಹಾಜರಿ ಪುಸ್ತಕಗಳಿಗೆ ಬಂದೆವು. ನಡುವೆ ಇರಬೇಕಾದ ಮೆಟ್ಟಿಲು ನಮಗೆ ಇರಲಿಲ್ಲ. ನಮ್ಮ ಮಕ್ಕಳಿಗೆ ಅದು ಇರಲಿ ಎಂಬುದೇ ಈ ಮಾತಿನ ಉದ್ದೇಶ.

ಕನ್ನಡದಲ್ಲಿ ಮಕ್ಕಳಿಗೆ ಏನಿದೆ ಎಂದು ಕೇಳುವವರಿದ್ದಾರೆ. ಬೇಕಾದಷ್ಟಿದೆ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಪದ್ಯ, ಕತೆಗಳನ್ನು ಬರೆದರು. ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ ಮನೆಮನೆಯಲ್ಲಿ ಊದಿತು. ಕುವೆಂಪು ಅವರು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬರೆದರು. ಪರದೇಶದ ಒಂದು ಕತೆಯನ್ನು ತೆಗೆದುಕೊಂಡು ಇಲ್ಲಿಯ ಮಣ್ಣಿನಲ್ಲಿ ಬೇರೂರುವಂತೆ ಮಾಡಿದರು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಹೊರತಂದರು. ಅನುಪಮಾ ನಿರಂಜನ ಅವರು ದಿನಕ್ಕೊಂದರಂತೆ ವರ್ಷವಿಡೀ ಆಗುವಷ್ಟು ಕತೆಗಳನ್ನು ಹನ್ನೆರಡು ಸಂಪುಟಗಳಲ್ಲಿ ಬರೆದುಕೊಟ್ಟರು. ‘ಚಂದಮಾಮ’ ಮದರಾಸಿನಲ್ಲಿ 1947ರಲ್ಲಿ ತೆಲುಗು, ತಮಿಳುಗಳಲ್ಲಿ ಶುರುವಾಯಿತು. 1949ರಲ್ಲಿ ಕನ್ನಡಕ್ಕೂ ಬಂತು. ಗಿರಣಿ ಹಿರಿಯರಲ್ಲಿ ವಿಕ್ರಮಾದಿತ್ಯನ ಹೆಗಲ ಮೇಲಿನ ಬೇತಾಳದ ಚಿತ್ರವನ್ನು ಮರೆತವರು ಯಾರು? ಆ ಚಂದಮಾಮ ಈಗ ಬರುವುದಿಲ್ಲ, ನಿಂತುಹೋಗಿ ಹತ್ತು ವರ್ಷಗಳ ಮೇಲಾಯಿತು.

‘ಅಮರ ಚಿತ್ರ ಕಥೆ’ಯ ಹಿಂದೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರಿದ್ದರು. ನಮ್ಮ ಸೀಮೆಯಿಂದಲೇ ಈ ಮುಂಬಯಿಗೆ ಬಂದು 1967ರಲ್ಲಿ ಅವರು ಆ ಮಾಲೆಯನ್ನು ಕಟ್ಟಿ ನಿಲ್ಲಿಸಿದರು. ಆ ಮಾಲೆಯ ‘ಕೃಷ್ಣ’ ಪುಸ್ತಕಕ್ಕೆ ಇರುವ ಅಂಕೆ 11. ಮೊದಲಿನ ಹತ್ತು, ಕನ್ನಡದಲ್ಲಿ ಬಂದ ಪರದೇಶದ ಕಿನ್ನರ ಕತೆಗಳು! ಚಿತ್ರಪುಸ್ತಕ ಎಂಬುದು ಇಂಗ್ಲಿಷು ಬಲ್ಲವರ ಮನೆಯ ವಸ್ತು, ನಮಗಲ್ಲ ಎಂದು ಯಾರಾದರೂ ಹೇಳಿದರೆ ಈ ಅಂಕೆಯನ್ನು ಅವರಿಗೆ ತೋರಿಸಿರಿ.

ಈಗ ಹೊಸ ಪುಸ್ತಕಗಳ ಮಾತಿಗೆ ಬರೋಣ. ಇವು ಎರಡು ಬಗೆ: ಚಿಕ್ಕವರಿಗೆ ಚಿತ್ರಪುಸ್ತಕ, ಹತ್ತು ವರ್ಷ ದಾಟಿದವರಿಗೆ ಕಾದಂಬರಿ.

ಹಳೆಯ ಪುಸ್ತಕದಲ್ಲಿ ಕತೆ ಮುಂದೆ ನಡೆಯುತ್ತಿತ್ತು, ಚಿತ್ರ ಹಿಂದೆ ಬರುತ್ತಿತ್ತು. ಹೊಸ ಚಿತ್ರಪುಸ್ತಕದಲ್ಲಿ ಹಾಗಲ್ಲ, ಎರಡೂ ಜೋಡೆತ್ತು. ಒಂದು ಮಾದರಿ ಹೇಳುತ್ತೇವೆ. ಅಕ್ಷರದಲ್ಲಿ ‘ಅಜ್ಜಿಗೆ ನಿದ್ದೆ ಬಂತು’ ಎಂದಷ್ಟೆ ಇರುತ್ತದೆ. ಚಿತ್ರದಲ್ಲಿ ಬೆಕ್ಕು ಹಾಲಿನ ಪಾತ್ರೆಯ ಕಡೆಗೆ ಹೆಜ್ಜೆ ಇಡುತ್ತಿರುತ್ತದೆ. ಅಕ್ಷರ ಓದಿದ ದೊಡ್ಡವರು ಮುಂದಿನ ಪುಟಕ್ಕೆ ಹೋಗುತ್ತಾರೆ, ಅಕ್ಷರ ಬಾರದ ಮಗು ‘ತಾಳಿ, ಬೆಕ್ಕು!’ ಎಂದು ಕೈ ಹಿಡಿಯುತ್ತದೆ. ಅಲ್ಲಿ ಮಗುವೇ ಗುರು, ನಾವು ಶಿಷ್ಯರು. ಓದು ಕಡಿಮೆ ಎಂದು ತಲೆ ತಗ್ಗಿಸುವ ತಂದೆತಾಯಿಗಳು ಈ ಪುಸ್ತಕದ ಮುಂದೆ ತಲೆ ತಗ್ಗಿಸಬೇಕಾಗಿಲ್ಲ. ಅಕ್ಷರ ಬಾರದ ತಾಯಿಯೂ ಚಿತ್ರ ನೋಡಿ ಕತೆ ಕಟ್ಟಬಲ್ಲಳು. ಅವಳು ಕಟ್ಟಿದ ಕತೆ ಅಚ್ಚಾದದ್ದಕ್ಕಿಂತ ಚೆನ್ನಾಗಿರುವುದೂ ಉಂಟು.

ಇಂತಹ ಪುಸ್ತಕಗಳನ್ನು ಕನ್ನಡದಲ್ಲಿ ಹೊರತರುವವರಲ್ಲಿ ದಿಲ್ಲಿಯ ನ್ಯಾಷನಲ್ ಬುಕ್ ಟ್ರಸ್ಟ್ ಇದೆ. ಅದು 1957ರಲ್ಲಿ ಹುಟ್ಟಿದ ಸರಕಾರದ ಸಂಸ್ಥೆ. ಬೆಂಗಳೂರಿನಲ್ಲಿ 1960ರಿಂದ ನವಕರ್ನಾಟಕ ಪ್ರಕಾಶನ ಇದೆ. ಚೆನ್ನೈಯ ತೂಲಿಕಾ 1996ರಿಂದ ಒಂದೇ ಚಿತ್ರಪುಸ್ತಕವನ್ನು ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಅಚ್ಚುಹಾಕುತ್ತ ಬಂದಿದೆ. ಕೆಲವದರಲ್ಲಿ ಒಂದೇ ಪುಟದ ಮೇಲೆ ಇಂಗ್ಲಿಷೂ ಕನ್ನಡವೂ ಇರುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಶುರುವಾಯಿತು, ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ. 2015ರಲ್ಲಿ ಅವರು ‘ಸ್ಟೋರಿವೀವರ್’ ಎಂಬ ಭಂಡಾರವನ್ನು ತೆರೆದರು. ಅದರಲ್ಲಿರುವ ಚಿತ್ರಪುಸ್ತಕಗಳನ್ನು ಯಾರು ಬೇಕಾದರೂ ಮೊಬೈಲಿನಲ್ಲಿ ಕಾಸಿಲ್ಲದೆ ಓದಬಹುದು, ಇಳಿಸಿಕೊಳ್ಳಬಹುದು, ಅಚ್ಚು ಹಾಕಿಕೊಳ್ಳಬಹುದು. ಓದುವ ಶಕ್ತಿಗೆ ತಕ್ಕಂತೆ ನಾಲ್ಕು ಮಟ್ಟಗಳಾಗಿ ವಿಂಗಡಿಸಿದ್ದಾರೆ. ಈಗತಾನೆ ಅಕ್ಷರ ಕೂಡಿಸುವವನಿಗೆ ಒಂದನೆಯದು, ಸರಾಗವಾಗಿ ಓದುವವಳಿಗೆ ನಾಲ್ಕನೆಯದು.

ಬಣ್ಣದ ಪುಸ್ತಕಕ್ಕೆ ಬೆಲೆ ಏಕೆ ಹೆಚ್ಚು ಎಂಬುದನ್ನೂ ತಿಳಿಯಬೇಕು. ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಖಾತೆಯಲ್ಲಿ ದುಡಿದ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು ಬೇಕು. ಪುಸ್ತಕಕ್ಕೆ ನಾಲ್ಕು ಮಸಿ: ನೀಲಿ, ಕೆಂಪು, ಹಳದಿ, ಕಪ್ಪು. ಈ ನಾಲ್ಕರಿಂದ ಉಳಿದೆಲ್ಲ ಬಣ್ಣಗಳೂ ಹುಟ್ಟುತ್ತವೆ. ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸುವುದರಿಂದ ಪುಟಗಳು ಹದಿನಾರು, ಇಪ್ಪತ್ತನಾಲ್ಕು, ಮೂವತ್ತೆರಡು ಎಂದು ಎಂಟರ ಲೆಕ್ಕದಲ್ಲಿ ಬರುತ್ತವೆ. ಒಂದೇ ಚಿತ್ರವನ್ನು ಹಲವು ಭಾಷೆಗಳಲ್ಲಿ ಅಚ್ಚುಹಾಕುವವರು ಮೂರು ಬಣ್ಣದ ಅಚ್ಚುಗಳನ್ನು ಹಾಗೆಯೇ ಇಟ್ಟುಕೊಂಡು ಅಕ್ಷರವಿರುವ ಕಪ್ಪಿನ ಅಚ್ಚನ್ನು ಮಾತ್ರ ಬದಲಾಯಿಸಬಹುದು. ಹೀಗೆ ಖರ್ಚು ಹಂಚಿಹೋಗುತ್ತದೆ. ಹತ್ತು ಮಂದಿ ಒಂದೇ ಒಲೆಯಲ್ಲಿ ಅಡಿಗೆ ಮಾಡಿಕೊಂಡಂತೆ. ಕನ್ನಡಕ್ಕೆ ಮಾತ್ರ ಎಂದು ಹೊಸದಾಗಿ ಬರೆಸಿ, ಬಿಡಿಸಿ, ಅಚ್ಚುಹಾಕಿದ ಪುಸ್ತಕಕ್ಕೆ ಕೊಳ್ಳುವವರು ಕಡಿಮೆಯಾದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಕೊಳ್ಳುವವರು ಇನ್ನೂ ಕಡಿಮೆಯಾಗುತ್ತಾರೆ. ಈ ಸುಳಿಯಿಂದ ಹೊರಬರಲು ಒಂದೇ ದಾರಿ, ಹತ್ತು ಜನ ಕೂಡಿ ಕೊಳ್ಳುವುದು. ಕೂಡಿ ಮಾಡುವುದನ್ನು ಸಂಘದವರಿಗೆ ಯಾರು ಕಲಿಸಬೇಕು?

ಇನ್ನು ಕಾದಂಬರಿ. ಹತ್ತರಿಂದ ಹದಿನಾಲ್ಕರ ವಯಸ್ಸು ನಮ್ಮ ಪಾಲಿಗೆ ಅಪಾಯದ ವಯಸ್ಸಾಗಿತ್ತು. ಶಾಲೆ ಬೇಸರ ಬರುವುದು, ಮನೆಯಲ್ಲಿ ಬಡತನ ಕಾಣುವುದು, ಊರು ಬಿಡಬೇಕೆನ್ನಿಸುವುದು ಆಗಲೆ. ಆ ವಯಸ್ಸಿನವರು ಬೊಂಬೆಯ ಪುಸ್ತಕ ಮುಟ್ಟುವುದಿಲ್ಲ, ದೊಡ್ಡವರ ಕಾದಂಬರಿ ಅವರಿಗೆ ನಿಲುಕುವುದಿಲ್ಲ. ಅವರಿಗಾಗಿಯೇ ಬರೆದ ಕಾದಂಬರಿಗಳು ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ಬಂದಿವೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲ ಸಾಹಿತ್ಯ ಪುರಸ್ಕಾರವನ್ನು ಆರಂಭಿಸಿದಾಗ ಮೊದಲನೆಯ ವರ್ಷವೇ ಕನ್ನಡಕ್ಕೆ ಬಂದದ್ದು ಬೊಳುವಾರು ಮಹಮದ್ ಕುಂಞಿ ಅವರ ಕಾದಂಬರಿ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ಗೆ. ಬೊಳುವಾರು ಎಂದರೆ ಪುತ್ತೂರಿನವರಿಗೆ ಮನೆಯಂಗಳದ ಹೆಸರು. 2019ರಿಂದ 2023ರವರೆಗೆ ಐದು ವರ್ಷವೂ ಕನ್ನಡದಲ್ಲಿ ಆ ಪುರಸ್ಕಾರ ಪಡೆದದ್ದು ಮಕ್ಕಳ ಕಾದಂಬರಿಯೆ. ಚಂದ್ರಕಾಂತ ಕರದಳ್ಳಿಯವರ ‘ಕಾಡು ಕನಸಿನ ಬೀದಿಗೆ’, ಎಚ್. ಎಸ್. ಬ್ಯಾಕೋಡ ಅವರ ‘ನಾನೂ ಅಂಬೇಡ್ಕರ್’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’. ಆಮೇಲೆ 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’, 2025ರಲ್ಲಿ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್‌ಬುಕ್’ ಎಂಬ ಕತೆಗಳ ಪುಸ್ತಕಕ್ಕೆ ಬಂತು.

ಈ ಹೆಸರುಗಳನ್ನು ಇನ್ನೊಮ್ಮೆ ಕೇಳಿರಿ. ‘ಓಡಿ ಹೋದ ಹುಡುಗ’! ಹೊಟೇಲಿನವರ ಮುಂದೆ ಈ ಹೆಸರು ಹೇಳಿದರೆ ಹತ್ತು ಮಂದಿಯಲ್ಲಿ ನಾಲ್ವರು ತಲೆ ಎತ್ತಿ ನೋಡುತ್ತಾರೆ. ‘ನಾನೂ ಅಂಬೇಡ್ಕರ್’! ಆ ಮಹಾನುಭಾವರು ಬಾಳಿದ್ದು ಇದೇ ಪರೇಲಿನ ಚಾಳಿನಲ್ಲಿ, ಓದಿದ್ದು ಇದೇ ಊರಿನ ಶಾಲೆ ಕಾಲೇಜುಗಳಲ್ಲಿ. ಹಾಲಾಡಿ ನಮ್ಮ ಕುಂದಾಪುರ ಸೀಮೆಯ ಊರು. ಸೂರಕ್ಕಿ ಎಂಬ ಪುಟ್ಟ ಹಕ್ಕಿಯ ಹೆಸರು ಮುಂಬಯಿಯಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ತಿಳಿಯದು. ಪುಸ್ತಕದ ಹೆಸರು ಕೇಳಿದಾಗ ಮಗು ‘ಅಪ್ಪ, ಸೂರಕ್ಕಿ ಎಂದರೇನು?’ ಎನ್ನುತ್ತದೆ. ಅಪ್ಪನಿಗೆ ಹೇಳಲು ಏನೋ ಒಂದು ಇರುತ್ತದೆ. ದಾಸವಾಳದ ಗಿಡ, ಅದರ ಹೂವಿಗೆ ಕೊಕ್ಕಿಟ್ಟು ಜೇನು ಹೀರುವ ಹಕ್ಕಿ, ಮನೆಯ ಅಂಗಳ ಎಲ್ಲವೂ ಬರುತ್ತವೆ. ಊರಿಗೆ ಹೋಗಲು ರಜೆ ಸಿಗದ ವರ್ಷ ಇದೊಂದು ಸಣ್ಣ ಲಾಭವೆ?

ಇಲ್ಲಿಯೇ ನಿಜವಾದ ಮಾತು ಇದೆ, ಬಂಧುಗಳೆ. ನಮ್ಮ ಮಕ್ಕಳು ಎರಡು ಕಡೆ ಬೆಳೆಯುತ್ತಿದ್ದಾರೆ. ಕೆಲವರು ತಾಯಿಯ ಜೊತೆ ಊರಿನಲ್ಲಿ, ಕೆಲವರು ಇಲ್ಲಿಯ ಖೋಲಿಗಳಲ್ಲಿ. ಇಲ್ಲಿ ಬೆಳೆಯುವವರಿಗಾಗಿ ಮಹಾನಗರಪಾಲಿಕೆ ಕನ್ನಡ ಶಾಲೆಗಳನ್ನೂ ನಡೆಸಿಕೊಂಡು ಬಂದಿದೆ. ಪುಣೆಯ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕ ಅಚ್ಚುಹಾಕುತ್ತದೆ. ಆದರೂ ನಮ್ಮಲ್ಲಿ ಹೆಚ್ಚಿನವರು ಮಕ್ಕಳನ್ನು ಇಂಗ್ಲಿಷು ಇಲ್ಲವೆ ಮರಾಠಿ ಶಾಲೆಗೆ ಸೇರಿಸಿದ್ದೇವೆ. ಅದನ್ನು ದೂರುವುದಿಲ್ಲ, ಅನ್ನದ ದಾರಿ ನೋಡಬೇಕು. ಮರಾಠಿಯೂ ನಮಗೆ ಅನ್ನ ಕೊಟ್ಟ ಭಾಷೆ. ಸಾನೆ ಗುರೂಜಿಯವರು 1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಬರೆದ ‘ಶ್ಯಾಮಚೀ ಆಯಿ’ಯನ್ನು ನಮ್ಮ ಮಕ್ಕಳು ಓದಿದರೆ ನಮಗೆ ಹೆಮ್ಮೆಯೆ. ಕೊಂಕಣದ ಆ ಬಡ ತಾಯಿ ನಮ್ಮ ತಾಯಿಯ ಹಾಗೆಯೇ ಇದ್ದಾಳೆ. ಆದರೆ ಮಗುವಿನ ಶಾಲೆಯ ಭಾಷೆ ಒಂದು, ತಂದೆಯ ಭಾಷೆ ಇನ್ನೊಂದು ಆದಾಗ ಮನೆಯಲ್ಲಿ ಮಾತು ಸಣ್ಣದಾಗುತ್ತದೆ. ‘ಊಟ ಆಯಿತೆ?’, ‘ಫೀ ಕಟ್ಟಬೇಕು’, ‘ಮಲಗು’ ಇಷ್ಟಕ್ಕೆ ಬಂದು ನಿಲ್ಲುತ್ತದೆ. ಮಗ ದೊಡ್ಡವನಾದ ಮೇಲೆ ಅಪ್ಪನ ಜೊತೆ ಮಾತನಾಡಲು ಅವನಿಗೆ ಪದವೇ ಇರುವುದಿಲ್ಲ. ಈ ಮೌನವನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇವೆ. ಬೋನಸ್ಸಿನಿಂದ ಅದನ್ನು ತುಂಬಲಾಗುವುದಿಲ್ಲ. ದಿನಕ್ಕೆ ಕಾಲು ತಾಸು ಒಂದೇ ಪುಸ್ತಕದ ಮೇಲೆ ಎರಡು ತಲೆಗಳು ಬಾಗಿದರೆ ಸ್ವಲ್ಪ ತುಂಬೀತು.

ಊರಿನಲ್ಲಿರುವ ಮಕ್ಕಳಿಗೆ ಏನು ಮಾಡುವುದು ಎಂದು ಕೇಳಬಹುದು. ಒಂದೇ ಪುಸ್ತಕದ ಎರಡು ಪ್ರತಿ ಕೊಂಡುಕೊಳ್ಳಿರಿ. ಒಂದು ಊರಿಗೆ ಹೋಗಲಿ, ಒಂದು ನಿಮ್ಮ ಟ್ರಂಕಿನಲ್ಲಿರಲಿ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವೆ ನಮಗೆ ಒಂದಿಷ್ಟು ಬಿಡುವುಂಟು. ಆಗ ಫೋನು ಮಾಡಿ ‘ಮಗಾ, ಐದನೆಯ ಪುಟ ತೆಗೆ’ ಎನ್ನಿರಿ. ನೀವು ಇಲ್ಲಿ ಓದಿರಿ, ಮಗು ಅಲ್ಲಿ ಚಿತ್ರ ನೋಡಲಿ. ‘ಶಾಲೆಗೆ ಹೋದೆಯಾ?’ ಎಂಬ ಒಂದೇ ಪ್ರಶ್ನೆಗೆ ‘ಹೂಂ’ ಎಂಬ ಒಂದೇ ಉತ್ತರ ಬರುವ ಫೋನಿಗಿಂತ ಇದು ಮೇಲು.

ಪುಸ್ತಕವನ್ನು ಆರಿಸುವುದು ಹೇಗೆ? ಬಟಾಟೆಯನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವವರು ನಾವು, ಪುಸ್ತಕವನ್ನೂ ಪರೀಕ್ಷಿಸಬಲ್ಲೆವು. ಮೊದಲನೆಯದಾಗಿ, ಗಟ್ಟಿಯಾಗಿ ಒಂದು ಪುಟ ಓದಿ ನೋಡಿರಿ. ನಾಲಗೆ ಎಡವಿದರೆ ಅದು ಮಕ್ಕಳ ಭಾಷೆಯಲ್ಲ. ಎರಡನೆಯದಾಗಿ, ಚಿತ್ರ ನೋಡಿರಿ. ಹೊಲಿಗೆ ಗಟ್ಟಿ ಇದೆಯೆ, ಬಣ್ಣ ಗೆರೆ ಮೀರಿ ಹರಡಿದೆಯೆ, ಅಕ್ಷರ ದಪ್ಪವಾಗಿದೆಯೆ ನೋಡಿರಿ. ಮೂರನೆಯದಾಗಿ, ಪುಟಪುಟಕ್ಕೂ ಬುದ್ಧಿವಾದ ಹೇಳುವ ಪುಸ್ತಕವನ್ನು ಕೆಳಗಿಡಿರಿ. ಉಪ್ಪು ಹೆಚ್ಚಾದ ಸಾರನ್ನು ಗಿರಾಕಿ ಹೇಗೆ ತಳ್ಳುತ್ತಾನೋ ಮಗುವೂ ಹಾಗೆಯೇ ತಳ್ಳುತ್ತದೆ. ನಾಲ್ಕನೆಯದು ನಮಗೆ ಬಹಳ ಮುಖ್ಯ. ಆ ಪುಸ್ತಕದಲ್ಲಿ ದುಡಿಯುವವರನ್ನು ಹೇಗೆ ಬರೆದಿದ್ದಾರೆ? ಅರಮನೆ ಇದ್ದರೆ ಇರಲಿ, ಆದರೆ ಅಡಿಗೆಯವನು ಯಾವಾಗಲೂ ಹೊಟ್ಟೆಬಾಕ, ಆಳು ಯಾವಾಗಲೂ ದಡ್ಡ, ಗುಡಿಸುವವಳಿಗೆ ಹೆಸರೇ ಇಲ್ಲ ಎಂದಾದರೆ ಆ ಪುಸ್ತಕ ನಮ್ಮ ಮಗುವಿಗೆ ತನ್ನ ತಂದೆತಾಯಿಯನ್ನು ಕಂಡು ನಾಚುವುದನ್ನು ಕಲಿಸುತ್ತದೆ. ಐದನೆಯದಾಗಿ, ಹುಡುಗಿಯರು ಅದರಲ್ಲಿ ಮರ ಹತ್ತುತ್ತಾರೆಯೆ, ಪ್ರಶ್ನೆ ಕೇಳುತ್ತಾರೆಯೆ, ಇಲ್ಲ ನೀರು ತಂದುಕೊಟ್ಟು ಮರೆಯಾಗುತ್ತಾರೆಯೆ ನೋಡಿರಿ. ನಮ್ಮ ಹೆಣ್ಣುಮಕ್ಕಳೂ ಓದುತ್ತಾರೆ, ತಮ್ಮ ಜಾಗ ಎಲ್ಲಿ ಎಂದು ಹುಡುಕುತ್ತಾರೆ.

ಓದಿ ಹೇಳುವಾಗ ಎರಡು ಮಾತು ನೆನಪಿಡಿರಿ. ಕತೆ ಮುಗಿದ ಕೂಡಲೆ ‘ಇದರ ನೀತಿ ಏನು?’ ಎಂದು ಕೇಳಬೇಡಿರಿ. ಊಟ ಮುಗಿಸಿದವನನ್ನು ಎಷ್ಟು ಅಗುಳು ತಿಂದೆ ಎಂದು ಕೇಳಿದಂತಾಗುತ್ತದೆ. ಮಗು ಅದೇ ಪುಸ್ತಕವನ್ನು ಹತ್ತು ಸಲ ಕೇಳಿದರೆ ಬೇಸರ ಪಡಬೇಡಿರಿ. ಹನ್ನೊಂದನೆಯ ಸಲ ಪುಸ್ತಕವನ್ನು ಅದು ತನ್ನ ಕೈಗೆ ತೆಗೆದುಕೊಂಡು ಓದುವ ಹಾಗೆ ಮಾಡುತ್ತದೆ, ಅಲ್ಲಿಂದಲೇ ಓದು ಶುರು.

ಮೊಬೈಲಿನಲ್ಲಿ ಪುಕ್ಕಟೆ ಸಿಗುವಾಗ ಪುಸ್ತಕ ಏಕೆ ಎಂಬ ಪ್ರಶ್ನೆಯೂ ಬಂದಿದೆ. ಪುಕ್ಕಟೆ ಸಿಗುವುದನ್ನು ಬಿಡಬಾರದು, ಖಂಡಿತ ಬಳಸಿರಿ. ಆದರೆ ಮೊಬೈಲು ಮನೆಯಲ್ಲಿ ಒಂದು, ಅದು ಅಪ್ಪನ ಜೊತೆ ಪಾಳಿಗೆ ಹೋಗುತ್ತದೆ. ಅದರಲ್ಲಿ ಕತೆಯ ಪಕ್ಕದಲ್ಲೇ ನೂರು ಆಟಗಳು ಕೈಬೀಸಿ ಕರೆಯುತ್ತವೆ. ಕಾಗದದ ಪುಸ್ತಕ ಮನೆಯಲ್ಲೆ ಇರುತ್ತದೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ಚಾಳಿನ ಹತ್ತು ಮಕ್ಕಳನ್ನು ಓದುಗರನ್ನಾಗಿ ಮಾಡುತ್ತದೆ.

ಆದುದರಿಂದ ಸಭೆಯ ಮುಂದೆ ಒಂದು ಸಲಹೆ ಇಡುತ್ತೇವೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಒಬ್ಬ ಸದಸ್ಯ ತಿಂಗಳಿಗೆ ಹತ್ತು ರೂಪಾಯಿ ಕೊಡಲಿ. ಕಾಯಂ ವಂತಿಗೆಗೆ ಇದು ಬೆರೆಯದಿರಲಿ, ಲೆಕ್ಕ ಬೇರೆ ಇಡೋಣ, ತಿಂಗಳಿಗೊಮ್ಮೆ ಗೋಡೆಗೆ ಅಂಟಿಸೋಣ. ಮುಷ್ಕರದ ಕಾಲಕ್ಕೆಂದು ಇಟ್ಟ ನಿಧಿಯನ್ನು ಮುಟ್ಟುವುದು ಬೇಡ. 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರದ ಕಾಲದಲ್ಲಿ ಎಷ್ಟು ಮಕ್ಕಳು ಶಾಲೆ ಬಿಟ್ಟರೆಂಬುದನ್ನು ಇಲ್ಲಿರುವ ಹಿರಿಯರು ಕಣ್ಣಾರೆ ಕಂಡಿದ್ದಾರೆ. ಕಷ್ಟದ ಕಾಲದಲ್ಲಿ ಮೊದಲು ಬೀಳುವುದು ಮಗುವಿನ ಕೈಯ ಪುಸ್ತಕವೆ. ಅದಕ್ಕೇ ಒಳ್ಳೆಯ ಕಾಲದಲ್ಲಿ ಅದನ್ನು ಗಟ್ಟಿ ಮಾಡಿಕೊಳ್ಳಬೇಕು.

ಸಂಘದ ಕೋಣೆಯಲ್ಲಿ ಬೀರು ಇಡಲು ಜಾಗವಿಲ್ಲ, ಒಂದು ತಗಡಿನ ಟ್ರಂಕು ಸಾಕು. ಊರಿನಿಂದ ನಾವು ಹೊತ್ತು ತಂದ ಟ್ರಂಕುಗಳಲ್ಲಿ ಒಂದನ್ನು ಯಾರಾದರೂ ಕೊಟ್ಟಾರು. ನಮ್ಮವರಿಗೆ ರಜೆ ಒಬ್ಬರಿಗೆ ಸೋಮವಾರ, ಇನ್ನೊಬ್ಬರಿಗೆ ಬುಧವಾರ. ಆದ್ದರಿಂದ ಭಾನುವಾರ ಮಾತ್ರ ತೆರೆದರೆ ಪ್ರಯೋಜನವಿಲ್ಲ. ದಿನವೂ ಮಧ್ಯಾಹ್ನ ಮೂರರಿಂದ ಐದರವರೆಗೆ ತೆರೆಯಬೇಕು. ದಾಖಲೆ ಪುಸ್ತಕ ಬರೆಯಲು ನಿವೃತ್ತರಾದ ಗಿರಣಿ ಹಿರಿಯರು ಮುಂದೆ ಬರಬೇಕೆಂದು ಕೈಮುಗಿದು ಕೇಳುತ್ತೇವೆ. ಪುಸ್ತಕ ಹರಿದರೆ ದಂಡ ಬೇಡ. ಹರಿದ ಪುಸ್ತಕ ಓದಿದ ಪುಸ್ತಕ, ಗೋಂದು ಹಚ್ಚಿ ಮತ್ತೆ ಕೊಡೋಣ. ಯಾವ ಪುಸ್ತಕ ತರಬೇಕು ಎಂಬುದನ್ನು ನಾವು ದೊಡ್ಡವರಷ್ಟೆ ತೀರ್ಮಾನಿಸುವುದು ಬೇಡ, ಸಮಿತಿಯಲ್ಲಿ ಇಬ್ಬರು ಮಕ್ಕಳೂ ಇರಲಿ, ಅದರಲ್ಲಿ ಒಬ್ಬಳು ಹುಡುಗಿ ಇರಲಿ.

ಪಗಾರದ ಹೋರಾಟ ನಿಲ್ಲುವುದಿಲ್ಲ. ರಜೆಯ ಅರ್ಜಿ, ಫಂಡಿನ ಲೆಕ್ಕ ಎಲ್ಲವೂ ಮುಂದಿನ ವಾರದ ಸಭೆಯಲ್ಲಿ ಇದ್ದೇ ಇವೆ. ಆದರೆ ಆ ಅರ್ಜಿಗಳನ್ನು ನಾಳೆ ಬರೆಯುವವರು ಯಾರು? ಯಜಮಾನರು ಮುಂದಿಟ್ಟ ಕಾಗದವನ್ನು ಓದದೆ ಸಹಿ ಮಾಡದೆ, ಕೊನೆಯ ಸಾಲಿನ ತನಕ ಓದಿ ‘ಇದು ಏಕೆ ಹೀಗೆ?’ ಎಂದು ಕೇಳುವವರು ಯಾರು? ಇಂದು ಬೆಕ್ಕಿನ ಚಿತ್ರದ ಮೇಲೆ ಬೆರಳಿಟ್ಟು ‘ತಾಳಿ’ ಎನ್ನುವ ಮಗುವೆ.

ಟ್ರಂಕು ಕ���ಡುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿರಿ.